ಕಾರು ನಿಂತರೆ ಪೀಣ್ಯದ ಲೇತ್ ಯಾಕೆ ನಿಲ್ಲುತ್ತದೆ?

ಬೆಂಗಳೂರಿನ ಪೀಣ್ಯದಲ್ಲಿ ನಮ್ಮ ಮಾವನದೊಂದು ಚಿಕ್ಕ ಶೆಡ್ ಇದೆ. ಕಾರಿನ ಕ್ಲಚ್ ಫೋರ್ಕಿಗೆ ಹಾಕುವ ಬುಷ್, ಅಂದರೆ ಲೋಹದ ಸಣ್ಣ ಬಳೆ, ಲೇತ್ ಮಿಷನ್‌ನಲ್ಲಿ ಕಡೆದು ಮಾಡಿಕೊಡುತ್ತಾರೆ. 2021ರಲ್ಲಿ ಹೋದಾಗ ಮಿಷನ್ ಎಲ್ಲ ಸುಮ್ನೆ ನಿಂತಿದ್ದವು. "ಎಲ್ಲೋ ಚಿಪ್ ಸಿಗ್ತಿಲ್ಲವಂತೆ ಕಣಯ್ಯ" ಎಂದರು. ಬುಷ್‌ಗೂ ಚಿಪ್‌ಗೂ ಏನು ಸಂಬಂಧ?

ಸಂಬಂಧ ಹಳೆಯದು. 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂತು, ಕಾರು ಅಗ್ಗವಾಯಿತು. ಆದರೆ ಅಂಥ ಲೈನಿಗೆ ಸುರಿದ ದುಡ್ಡು ವಾಪಸ್ ಬರಬೇಕಾದರೆ ಅದು ಓಡುತ್ತಲೇ ಇರಬೇಕು, ಅರ್ಧ ಓಡಿದರೂ ಬಡ್ಡಿ ಪೂರ್ತಿ ಕಟ್ಟಬೇಕು. ಆಮೇಲೆ ಜಪಾನಿನ ಟೊಯೋಟಾ ಗೋದಾಮು ತುಂಬಿಸುವುದನ್ನು ಬಿಟ್ಟು, ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸುವುದನ್ನು ಕಲಿಸಿತು. 1973ರ ತೈಲ ಬಿಕ್ಕಟ್ಟು, 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ದಿವಾಳಿ, ಎಲ್ಲ ಆಗಿಹೋಯಿತು. ಲೆಕ್ಕ ಮಾತ್ರ ಅದೇ.

2020ರಲ್ಲಿ ಲಾಕ್‌ಡೌನ್ ಆದಾಗ ಕಾರು ಕಂಪನಿಗಳು ಚಿಪ್ ಆರ್ಡರ್ ಕಡಿತ ಮಾಡಿದವು. ಚಿಪ್ ಮಾಡುವವರು ಲ್ಯಾಪ್‌ಟಾಪ್, ಫೋನಿನ ಕಡೆ ತಿರುಗಿದರು. ಕಾರಿಗೆ ಮತ್ತೆ ಗಿರಾಕಿ ಬಂದಾಗ ಚಿಪ್ ಕೇಳುವ ಸಾಲಿನಲ್ಲಿ ಕಾರು ಕಂಪನಿಗಳು ಕೊನೆಯಲ್ಲಿದ್ದವು. ಒಂದು ಚಿಪ್ ಇಲ್ಲದಿದ್ದರೂ ಕಾರು ಹೊರಬೀಳುವುದಿಲ್ಲ, ಅಂದರೆ ಲೈನ್ ನಿಂತಿತು, ಬುಷ್ ಯಾರಿಗೂ ಬೇಡವಾಯಿತು. ಮಾಡಿಟ್ಟ ಮಾಲು ಶೆಡ್‌ನಲ್ಲೇ ಉಳಿಯಿತು. ಗೋದಾಮು ಇಲ್ಲವಾಗಿರಲಿಲ್ಲ, ಮಾವನ ಶೆಡ್‌ಗೆ ಬಂದಿತ್ತು, ಅಷ್ಟೇ. ಸ್ಟೀಲಿನವನಿಗೆ ದುಡ್ಡು ಕೊಡಬೇಕು, ಇಎಂಐ ಕಟ್ಟಬೇಕು. ಸಣ್ಣ ಉದ್ದಿಮೆಗೆ 45 ದಿನದೊಳಗೆ ಪೇಮೆಂಟ್ ಕೊಡಬೇಕು ಅಂತ 2006ರ ಕಾನೂನೇ ಇದೆ. ಕೇಳೋರು ಯಾರು? ಕೇಳಿದರೆ ಮುಂದಿನ ಆರ್ಡರ್ ಪಕ್ಕದ ಶೆಡ್‌ಗೆ, ಅಲ್ವಾ?

ಈಗಿನ ಕಥೆ ಬೇರೆ. 2023ರಲ್ಲಿ ಚೀನಾ ಜಪಾನನ್ನು ದಾಟಿ ಅತಿ ಹೆಚ್ಚು ಕಾರು ರಫ್ತು ಮಾಡುವ ದೇಶವಾಯಿತು. 2024ರಲ್ಲಿ ಯುರೋಪಿಯನ್ ಒಕ್ಕೂಟ ಚೀನಾದ ಎಲೆಕ್ಟ್ರಿಕ್ ಕಾರುಗಳಿಗೆ ಹೆಚ್ಚುವರಿ ಸುಂಕ ಹಾಕಿತು. 2025ರಲ್ಲಿ ಅಮೆರಿಕ ಹೊರಗಿನ ಕಾರುಗಳ ಮೇಲೆ ಹೆಚ್ಚುವರಿಯಾಗಿ ಶೇ. 25 ಸುಂಕ ಹೇರಿತು. ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಕೆಲಸ ಕಡಿಮೆ ಮಾಡಲು ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿದೆ. ಪ್ರತಿ ಸಲವೂ ಯಾರದೋ ನಿರ್ಧಾರ, ಇನ್ಯಾರದೋ ಶಿಫ್ಟ್ ಹೋಗುವುದು.

ನಮ್ಮೂರಿಗೆ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ. 2001ರಲ್ಲೇ ರೇವಾ ಇಲ್ಲಿಂದಲೇ ರಸ್ತೆಗಿಳಿದಿತ್ತು, ನೋಡಿ ನಗುತ್ತಿದ್ದೆವು. ಅದು ಆಟದ ಸಾಮಾನು ಅಂದುಕೊಂಡಿದ್ದ ಮಾವನಿಗೆ ಈಗ ನಗು ಬರುವುದಿಲ್ಲ. ಅಂಥ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಮೊನ್ನೆ ಅವರಿಗೆ ಮೋಟಾರಿನ ಒಂದು ಪಾರ್ಟಿನ ಡ್ರಾಯಿಂಗ್ ಬಂದಿದೆ. ಅದಕ್ಕೆ ಹೊಸ ಮಿಷನ್ ಬೇಕು. ಹಳೇ ಮಿಷನ್‌ನ ಸಾಲ ಇನ್ನೂ ತೀರಿಲ್ಲ.