ಎಲ್ಲಾ ಪಾಸ್ ಆಗ್ಯಾವ್ರಿ, ಆಮೇಲೆ?

"ಸರ್, ಎಲ್ಲಾ ಟೆಸ್ಟ್ ಕೇಸ್ ಪಾಸ್ ಆಗ್ಯಾವ್ರಿ, ಇನ್ನೇನ್ ನೋಡ್ತೀರಿ?" ಹುಬ್ಬಳ್ಳಿಯಲ್ಲಿ ತಮ್ಮ ಸಾಫ್ಟ್‌ವೇರ್ ತೋರಿಸಲು ನನ್ನ ಬಳಿ ಬರುವ ಸಣ್ಣ ಕಂಪನಿಯವರು ಎಕ್ಸೆಲ್ ಶೀಟ್ ತೆರೆದು, ಮೇಲಿಂದ ಕೆಳಗೆ ಹಸಿರು ತೋರಿಸಿ ಹೀಗೆ ಕೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಟೆಸ್ಟ್ ಕೇಸ್ ಅಂದರೆ ಸಾಫ್ಟ್‌ವೇರ್ ಸರಿ ಇದೆಯೇ ಎಂದು ನೋಡಲು ಮೊದಲೇ ಬರೆದಿಟ್ಟ ಒಂದು ಪ್ರಶ್ನೆ. ಪಾಸ್ ಅಂದರೆ ಏನು? ನೀವು ಕೇಳಿದ ಪ್ರಶ್ನೆಗೆ ಸಾಫ್ಟ್‌ವೇರ್ ಸರಿ ಉತ್ತರ ಕೊಟ್ಟಿತು, ಅಷ್ಟೇ. ಕೇಳದ ಪ್ರಶ್ನೆಯ ಬಗ್ಗೆ ಆ ಹಸಿರು ಏನೂ ಹೇಳುವುದಿಲ್ಲ. ಮತ್ತೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಇನ್ನೂರು ಕೇಸ್ ಬರೆದವರು ಒಬ್ಬರೇ ಆದರೆ ಇನ್ನೂರರಲ್ಲೂ ಇರುವುದು ಅವರೊಬ್ಬರ ತಲೆ. ಆಟೊಮೇಷನ್ ಹಾಕಿದರೆ, ಅಂದರೆ ಪರೀಕ್ಷೆಯನ್ನು ಕಂಪ್ಯೂಟರಿಗೇ ಒಪ್ಪಿಸಿದರೆ, ಅದೇ ಪ್ರಶ್ನೆಗಳನ್ನು ಬೇಗ ಬೇಗ ಕೇಳಬಹುದು. ಒಳ್ಳೆಯದೇ. ಹೊಸ ಪ್ರಶ್ನೆ ಮಾತ್ರ ಹುಟ್ಟುವುದಿಲ್ಲ.

ಅದಕ್ಕೆ ಬೇರೆ ಟೆಸ್ಟರ್ ಪಕ್ಕ ಕೂರಬೇಕು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಮಾಡಿದ ಒಂದು ಬಿಲ್ಲಿಂಗ್ ಆ್ಯಪ್ ನೋಡಿದ್ದೆ. ತೂಕ, ದರ, ಕಮಿಷನ್, ಎಲ್ಲ ಪೈಸೆ ತಪ್ಪುತ್ತಿರಲಿಲ್ಲ. ಬ್ಯಾಂಕ್ ಸಾಫ್ಟ್‌ವೇರ್ ಪರೀಕ್ಷಿಸುವ ಗೆಳೆಯರೊಬ್ಬರು ಲೆಕ್ಕದ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ ನಿಧಾನ ಮಾಡಿ, ಸೇವ್ ಬಟನ್ ಎರಡು ಸಲ ಒತ್ತಿದರು. ಒಂದೇ ಮೆಣಸಿನಕಾಯಿ ಲಾಟ್‌ಗೆ ಎರಡು ಬಿಲ್! ದುಡ್ಡಿನ ಸಾಫ್ಟ್‌ವೇರ್‌ನಲ್ಲಿ ಪಳಗಿದವರಿಗೆ ಮೊದಲು ಬರುವ ಅನುಮಾನವೇ ಅದು.

ಧಾರವಾಡದ ಇನ್ನೊಬ್ಬರು ಟೆಸ್ಟರ್ ಕನ್ನಡ ಆ್ಯಪ್‌ಗಳನ್ನೇ ಪರೀಕ್ಷಿಸುವವರು. ಅದೇ ಬಿಲ್ಲಿಂಗ್ ಆ್ಯಪ್‌ನಲ್ಲಿ ರೈತರ ಹೆಸರಿನ ಜಾಗದಲ್ಲಿ 'ಮಲ್ಲಿಕಾರ್ಜುನ' ಅಂತ ಹಾಕಿದರು. ಸೇವ್ ಆಗಿದ್ದು 'ಮಲ್ಲಿಕಾರ್ಜ'. ಕಣ್ಣಿಗೆ ಐದೇ ಅಕ್ಷರ, ಆದರೆ ಕಂಪ್ಯೂಟರ್ ಎಲ್ಲ ಭಾಷೆಯ ಅಕ್ಷರಗಳಿಗೂ ಬಳಸುವ ಯೂನಿಕೋಡ್ ಪಟ್ಟಿಯಲ್ಲಿ ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ 12 ಸಂಕೇತ. ಅದನ್ನು ಉಳಿಸಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ (ಕಂಪ್ಯೂಟರಿನ ಜಾಗದ ಅಳತೆ), ಒಟ್ಟು 36. ಹೆಸರಿಗೆ ಇಟ್ಟಿದ್ದು 30 ಬೈಟ್ ಮಾತ್ರ. ಇಂಗ್ಲಿಷಿನಲ್ಲಿ ಬರೆದರೆ ಅದೇ ಹೆಸರು 12 ಬೈಟ್‌ನಲ್ಲಿ ಮುಗಿಯುತ್ತದೆ, ಟೆಸ್ಟ್ ಕೇಸ್ ಬರೆದವರು ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲೇ ಹಾಕಿದ್ದರು. ಬ್ಯಾಡಗಿಯ ರೈತರಿಗೆ ಇಂಗ್ಲಿಷ್ ಹೆಸರು ಯಾಕೆ ಅಂತ ಕೇಳಬೇಡಿ, ಎಲ್ಲರೂ ಹಾಗೇ ಮಾಡುತ್ತಾರೆ.

ಇದು ಸಣ್ಣ ಕಂಪನಿಗಳ ಪಾಡು ಮಾತ್ರ ಅಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. ಹಳೇ ರಾಕೆಟ್ ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ಕೋಡನ್ನೇ ಹೊಸದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ, ಅದರ ಲೆಕ್ಕದ ಒಂದು ಸಂಖ್ಯೆ ಅದಕ್ಕೆ ಇಟ್ಟಿದ್ದ 16 ಬಿಟ್ (2 ಬೈಟ್) ಜಾಗದಲ್ಲಿ ಹಿಡಿಯಲಿಲ್ಲ. ಹಳೇ ರಾಕೆಟ್ಟಿಗೆ ಕೇಳಬೇಕಾಗಿರದ ಪ್ರಶ್ನೆ ಅದು.

ಇಬ್ಬರು ಕೂತರೆ ಎಲ್ಲ ಬಗ್ (ತಪ್ಪು) ಸಿಗುತ್ತವೆ ಅಂತ ನಾನೇನೂ ಬರೆದುಕೊಡುವುದಿಲ್ಲ. ಆದರೂ ರಿಲೀಸ್‌ಗೆ ಮುಂಚೆ ಒಂದು ಮಧ್ಯಾಹ್ನ ಬೇರೆ ಥರದ ಕೆಲಸ ಮಾಡಿದ ಟೆಸ್ಟರನ್ನು ಕರೆಯಿರಿ. ನಿಮ್ಮ ಶೀಟ್ ಮೊದಲೇ ತೋರಿಸಬೇಡಿ, ತೋರಿಸಿದರೆ ಅವರೂ ಅದೇ ದಾರಿ ಹಿಡಿಯುತ್ತಾರೆ. ಗ್ರಾಹಕರ ನಿಜವಾದ ಡೇಟಾವನ್ನಂತೂ ಕೊಡಲೇಬೇಡಿ, ಸುಳ್ಳು ಹೆಸರು, ಸುಳ್ಳು ಬಿಲ್ ಸಾಕು. ಮತ್ತೆ ಅವರು ಏನಾದರೂ ಹಿಡಿದಾಗ "ಯಾವ ಯೂಸರ್ ಹಂಗ ಮಾಡ್ತಾನ್ರಿ?" ಅಂತ ಸುಮ್ನೆ ವಾದಕ್ಕೆ ಇಳಿಯಬೇಡಿ. ಮೊದಲು ಬರೆದುಕೊಳ್ಳಿ.