ಆಮ್ಲಜನಕವಿಲ್ಲದ ವಾಚು: ಎವರೆಸ್ಟ್ ಎತ್ತರದಲ್ಲಿ ಮೆಕ್ಯಾನಿಕಲ್ ಕ್ರೋನೋಗ್ರಾಫ್

2022ರಲ್ಲಿ ಮಾಂಟ್‌ಬ್ಲಾಂಕ್ ಕಂಪನಿ ‘1858 ಜಿಯೋಸ್ಫಿಯರ್ ಕ್ರೋನೋಗ್ರಾಫ್ 0 ಆಕ್ಸಿಜನ್’ ಅನ್ನುವ ವಾಚು ತಂದಿತು. ಕ್ರೋನೋಗ್ರಾಫ್ ಅಂದರೆ ಸ್ಟಾಪ್‌ವಾಚೂ ಇರುವ ವಾಚು. ನೋಡಲು 1920–30ರ ದಶಕದ ವಾಚಿನ ಹಾಗೆ: ಅಗಲ ಮುಳ್ಳುಗಳು, ಹಳೆ ಶೈಲಿಯ ಅಂಕಿಗಳು. ಡಯಲ್ ಮೇಲೆ ಎರಡು ಅರ್ಧಗೋಳಗಳು ದಿನಕ್ಕೊಂದು ಸುತ್ತು ತಿರುಗುತ್ತವೆ. ಏಳು ಖಂಡಗಳ ಏಳು ಅತಿ ಎತ್ತರದ ಶಿಖರಗಳಿಗೆ ಅವುಗಳ ಮೇಲೆ ಚುಕ್ಕಿ ಇಟ್ಟಿದ್ದಾರೆ. ಆದರೆ ಕಲಿಯುವವರು ಗಮನಿಸಬೇಕಾದ್ದು ಇದ್ಯಾವುದೂ ಅಲ್ಲ. ಈ ವಾಚಿನ ಒಳಗೆ ನಾವು ಉಸಿರಾಡುವ ಗಾಳಿಯೇ ಇಲ್ಲ, ನೈಟ್ರೋಜನ್ ಮಾತ್ರ ಇದೆ. ಯಾಕೆ ಹಾಗೆ ಅಂತ ಹುಡುಕುತ್ತಾ ಹೋದರೆ ಪಿಯುಸಿ ಭೌತಶಾಸ್ತ್ರದ ಅರ್ಧ ಪಾಠ ಇದೊಂದರಲ್ಲೇ ಸಿಗುತ್ತದೆ. ಅದಕ್ಕೇ ಈ ಟಿಪ್ಪಣಿ.

ಹಿನ್ನೆಲೆ, ಚಿಕ್ಕದಾಗಿ

ಹೆಸರಿನಲ್ಲಿರುವ 1858 ಅನ್ನುವುದು ಮಿನರ್ವಾ ಎಂಬ ವಾಚು ಕಾರ್ಖಾನೆ ಶುರುವಾದ ವರ್ಷ. ಸ್ವಿಟ್ಜರ್ಲೆಂಡಿನ ವಿಲ್ಲೆರೆ ಎಂಬ ಊರಿನದು. ಅವರ ಹೆಚ್ಚುಗಾರಿಕೆ ಇದ್ದದ್ದು ಸ್ಟಾಪ್‌ವಾಚಿನಲ್ಲಿ. ಸೆಕೆಂಡಿನ ನೂರನೇ ಒಂದು ಭಾಗ ಅಳೆಯುವ ಸ್ಟಾಪ್‌ವಾಚನ್ನು 1916ರಲ್ಲೇ ಮಾಡಿದ್ದರು. 2006ರಲ್ಲಿ ರಿಶ್‌ಮಾಂಟ್ ಸಮೂಹ ಮಿನರ್ವಾವನ್ನು ಕೊಂಡುಕೊಂಡಿತು. ಆಮೇಲೆ ಅದು ಅದೇ ಸಮೂಹದ ಮಾಂಟ್‌ಬ್ಲಾಂಕ್ ಜೊತೆ ಸೇರಿತು. ಹಳೆಯ ಮಿನರ್ವಾ ವಾಚುಗಳ ರೂಪ ಹೊಸದಕ್ಕೆ ಬಂದದ್ದು ಹೀಗೆ.

‘ಆಮ್ಲಜನಕವಿಲ್ಲದೆ’ ಅನ್ನುವ ಮಾತಿಗೆ ಪರ್ವತಾರೋಹಣದಲ್ಲಿ ದೊಡ್ಡ ತೂಕ ಇದೆ. 1978ರ ಮೇ 8ರಂದು ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಸಿಲಿಂಡರ್ ಇಲ್ಲದೆ ಎವರೆಸ್ಟ್ ಏರಿದರು. ಅಲ್ಲಿಯವರೆಗೆ ಅದು ಮನುಷ್ಯನ ದೇಹಕ್ಕೆ ಆಗದ ಕೆಲಸ ಅಂತ ಹೇಳುತ್ತಿದ್ದವರು ತುಂಬಾ ಜನ.

ಬೆಟ್ಟದ ಮೇಲೆ ಸ್ಟಾಪ್‌ವಾಚ್ ಯಾಕೆ?

ಸುಮ್ನೆ ಚೆಂದಕ್ಕಲ್ಲ. ಸಿಲಿಂಡರ್ ಬಳಸುವವರ ಲೆಕ್ಕ ನೋಡಿ. 4 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಆಮ್ಲಜನಕ ತುಂಬಿದರೆ ಸುಮಾರು 1200 ಲೀಟರ್ ಸಿಗುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ 600 ನಿಮಿಷ, ಅಂದರೆ 10 ಗಂಟೆ. ಕಡಿದಾದ ಜಾಗದಲ್ಲಿ 4 ಲೀಟರಿಗೆ ಏರಿಸಿದರೆ ಬರೀ 5 ಗಂಟೆ. ಯಾವಾಗ ತೆರೆದೆ, ಎಷ್ಟು ಹೊತ್ತಾಯಿತು ಅನ್ನುವುದನ್ನು ಆ ಎತ್ತರದಲ್ಲಿ ಮಂಕಾದ ಮೆದುಳಿಗೆ ಬಿಡುವುದಕ್ಕಿಂತ ಮುಳ್ಳಿಗೆ ಬಿಡುವುದು ಮೇಲು.

ಸಿಲಿಂಡರ್ ಇಲ್ಲದವರಿಗೂ ಇದು ಬೇಕು. ಶಿಖರಕ್ಕೆ ಮುಂಚಿನ ಕೊನೆಯ ತಂಗುದಾಣವಾದ ಸೌತ್ ಕೋಲ್ ಕ್ಯಾಂಪ್ ಸುಮಾರು 7,900 ಮೀಟರಿನಲ್ಲಿದೆ, ಶಿಖರ 8,849ರಲ್ಲಿ. ಉಳಿದ ಸುಮಾರು 950 ಮೀಟರನ್ನು ಗಂಟೆಗೆ 95 ಮೀಟರಿನಂತೆ ಏರಿದರೆ 10 ಗಂಟೆ ಹಿಡಿಯುತ್ತದೆ. ವೇಗ ಅದಕ್ಕಿಂತ ಕಡಿಮೆ ಇದೆ ಅಂತ ಗೊತ್ತಾದರೆ ವಾಪಸಾಗಲು ಮೊದಲೇ ಗೊತ್ತುಮಾಡಿಕೊಂಡ ಮಧ್ಯಾಹ್ನದ ಗಡುವಿಗೆ ಮುಂಚೆಯೇ ಹಿಂದಕ್ಕೆ ತಿರುಗಬೇಕು, ಶಿಖರ ಕಣ್ಣೆದುರಿಗಿದ್ದರೂ. 1996ರ ಮೇ 10–11ರ ಬಿರುಗಾಳಿಯಲ್ಲಿ ಎವರೆಸ್ಟಿನಲ್ಲಿ ಎಂಟು ಜನ ಸತ್ತರು. ಆ ದಿನ ಹಲವರು ಗಡುವು ಮೀರಿ ಮೇಲಕ್ಕೆ ನಡೆದಿದ್ದರು.

ಸೊನ್ನೆಗೆ ಮರಳುವ ಮುಳ್ಳು

ಕ್ರೋನೋಗ್ರಾಫಿನ ಬೇರೆ ಭಾಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗುಂಡಿ ಒತ್ತಿದರೆ ಒಂದು ಕ್ಲಚ್ ಓಡುತ್ತಿರುವ ಗಾಲಿಗಳಿಗೆ ಸ್ಟಾಪ್‌ವಾಚಿನ ಮುಳ್ಳನ್ನು ಜೋಡಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಬಿಡಿಸುತ್ತದೆ. ಆದರೆ ಇನ್ನೊಂದು ಗುಂಡಿ ಒತ್ತಿದಾಗ ಮುಳ್ಳು ಎಲ್ಲೇ ಇರಲಿ, ಕ್ಷಣದಲ್ಲಿ ಸೊನ್ನೆಗೆ ಹಾರುತ್ತದೆ ಅಲ್ವಾ? ನನಗೆ ಇಡೀ ಯಂತ್ರದಲ್ಲಿ ಅತಿ ಇಷ್ಟವಾದ ಭಾಗ ಇದು. ಮುಳ್ಳಿನ ಅಚ್ಚಿಗೆ ಹೃದಯದ ಆಕಾರದ ಚಿಕ್ಕ ಬಿಲ್ಲೆ ಕೂರಿಸಿರುತ್ತಾರೆ. ಗುಂಡಿ ಒತ್ತಿದಾಗ ಚಪ್ಪಟೆ ಮೂತಿಯ ಸುತ್ತಿಗೆ ಆ ಬಿಲ್ಲೆಯ ಅಂಚಿಗೆ ಬಡಿಯುತ್ತದೆ. ಅಂಚು ಎಲ್ಲೆಡೆ ಇಳಿಜಾರು. ಹಾಗಾಗಿ ಬಿಲ್ಲೆ ಎಡಕ್ಕೋ ಬಲಕ್ಕೋ ಜಾರಿ, ಸುತ್ತಿಗೆ ಹೃದಯದ ತಗ್ಗಿಗೆ ಬಂದು ಕೂರುವವರೆಗೆ ತಿರುಗುತ್ತದೆ. ತಗ್ಗು ಇರುವುದು ಒಂದೇ. ಆದ್ದರಿಂದ ನಿಲ್ಲುವ ಜಾಗವೂ ಒಂದೇ. ಅಡಾಲ್ಫ್ ನಿಕೋಲ್ 1844ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ ಇದು. ಇವತ್ತಿಗೂ ಮೆಕ್ಯಾನಿಕಲ್ ಕ್ರೋನೋಗ್ರಾಫುಗಳು ಇದನ್ನೇ ನೆಚ್ಚಿಕೊಂಡಿವೆ.

ಒತ್ತಡ: ಒಳಗಿನಿಂದ ಹೊರಗೆ

ವಾಚಿನ ಮೇಲೆ ‘100 ಮೀಟರ್’ ಅಂತ ಬರೆದಿದ್ದರೆ ಅದು ನೀರು ಹೊರಗಿನಿಂದ ಒಳಕ್ಕೆ ಒತ್ತುವ ಲೆಕ್ಕ. ಬೆಟ್ಟದಲ್ಲಿ ಇದು ತಿರುಗುಮುರುಗು. ಕೆಳಗೆ ಸೀಲ್ ಮಾಡಿದ ವಾಚಿನ ಒಳಗೆ ಸುಮಾರು 1013 ಹೆಕ್ಟೊಪಾಸ್ಕಲ್ ಒತ್ತಡ ಇರುತ್ತದೆ. ಎವರೆಸ್ಟ್ ತುದಿಯಲ್ಲಿ ಹೊರಗೆ ಅದರ ಮೂರನೇ ಒಂದು ಭಾಗ, ಸುಮಾರು 337. ವ್ಯತ್ಯಾಸ 676 ಹೆಕ್ಟೊಪಾಸ್ಕಲ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 6.76 ನ್ಯೂಟನ್. ಗಾಜಿನ ವ್ಯಾಸ 38 ಮಿಲಿಮೀಟರ್ ಅಂತ ಇಟ್ಟುಕೊಂಡರೆ ವಿಸ್ತೀರ್ಣ 11.3 ಚದರ ಸೆಂಟಿಮೀಟರ್. ಗುಣಿಸಿ ನೋಡಿ: ಸುಮಾರು 76 ನ್ಯೂಟನ್. ಏಳೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕದಷ್ಟು ಬಲ ಗಾಜನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಒಳ್ಳೆಯ ಗ್ಯಾಸ್ಕೆಟ್ (ಸಂದು ಮುಚ್ಚುವ ಉಂಗುರ) ಇದ್ದರೆ ತಡೆಯುತ್ತದೆ. ಬರೀ ಒಳಮುಖ ಒತ್ತಡಕ್ಕಾಗಿ ಕೂರಿಸಿದ ಗಾಜಿಗೆ ಮಾತ್ರ ಇದು ಹೊಸ ಪರೀಕ್ಷೆ.

ಸೀಲ್ ಇಲ್ಲದಿದ್ದರೆ ಇನ್ನೊಂದು ತೊಂದರೆ. ತೆಳು ಗಾಳಿಯಲ್ಲಿ ಬ್ಯಾಲೆನ್ಸ್ ವೀಲಿಗೆ, ಅಂದರೆ ಹಿಂದೆ ಮುಂದೆ ಓಲಾಡಿ ಸಮಯ ಅಳೆಯುವ ಗಾಲಿಗೆ, ತಡೆ ಕಡಿಮೆ, ಅದು ಇನ್ನೂ ಅಗಲವಾಗಿ ಓಲಾಡುತ್ತದೆ. ವಾಚು ಸ್ವಲ್ಪ ಮುಂದೆ ಹೋಗುತ್ತದೆ. ಸೀಲ್ ಗಟ್ಟಿಯಾಗಿದ್ದರೆ ಒಳಗಿನ ಯಂತ್ರಕ್ಕೆ ಏರಿದ್ದು ತಿಳಿಯುವುದೇ ಇಲ್ಲ.

ತೇವ: ಇಡೀ ವಿನ್ಯಾಸದ ಗುಟ್ಟು

ವಾಚನ್ನು 25 ಡಿಗ್ರಿ ಸೆಲ್ಸಿಯಸ್ ಇರುವ, 50 ಶೇಕಡಾ ಆರ್ದ್ರತೆಯ ಕೋಣೆಯಲ್ಲಿ ಮುಚ್ಚಿದ್ದಾರೆ ಅಂದುಕೊಳ್ಳಿ. ಆರಾಮದ ಕೋಣೆಯೇ. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 11.5 ಗ್ರಾಂ ನೀರಾವಿ ಇರುತ್ತದೆ. ಅದರ ಇಬ್ಬನಿ ಬಿಂದು ಸುಮಾರು 14 ಡಿಗ್ರಿ. ಗಾಜು ಅದಕ್ಕಿಂತ ತಣ್ಣಗಾದ ಕೂಡಲೇ ಒಳಮೈಗೆ ಹಬೆ ಕೂರುತ್ತದೆ. ಹಿಮಾಲಯದವರೆಗೆ ಹೋಗುವುದೂ ಬೇಡ, ಚಳಿಗಾಲದ ಊಟಿ ಸಾಕು. 0 ಡಿಗ್ರಿಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳುವುದು 4.8 ಗ್ರಾಂ ಮಾತ್ರ, ಮೈನಸ್ 20ರಲ್ಲಿ ಸುಮಾರು 1 ಗ್ರಾಂ. ಉಳಿದ ನೀರು ಗಾಜಿನ ಮೇಲೆ ಹನಿಯಾಗುತ್ತದೆ ಅಥವಾ ಹಿಮವಾಗುತ್ತದೆ. ಮಣಿಕಟ್ಟಿನ ಕಡೆ ಬೆಚ್ಚಗೆ, ಗಾಜಿನ ಕಡೆ ಕೊರೆಯುವ ಚಳಿ ಇರುವುದರಿಂದ ನೀರು ಹೋಗಿ ಸೇರುವುದು ಗಾಜಿಗೇ, ಅಂದರೆ ನಾವು ನೋಡಬೇಕಾದ ಜಾಗಕ್ಕೇ.

ಸಿಲಿಂಡರಿನಿಂದ ತುಂಬಿಸುವ ನೈಟ್ರೋಜನ್ ಒಣ. ಅದರಲ್ಲಿ ನೀರಾವಿ ಇಲ್ಲ ಅನ್ನುವಷ್ಟು ಕಡಿಮೆ. ಒಳ್ಳೆಯ ಬೈನಾಕ್ಯುಲರ್‌ಗಳಲ್ಲೂ ಇದೇ ಕಾರಣಕ್ಕೆ ನೈಟ್ರೋಜನ್ ತುಂಬುತ್ತಾರೆ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಜಾಹೀರಾತು ಆಮ್ಲಜನಕದ ಬಗ್ಗೆ ಎಷ್ಟೇ ಮಾತಾಡಲಿ, ಹಬೆಯನ್ನು ತಡೆಯುವುದು ಒಣತನ. ಒಣಗಿಸಿದ ಮಾಮೂಲಿ ಗಾಳಿ ತುಂಬಿದರೂ ಗಾಜು ತಿಳಿಯಾಗಿಯೇ ಇರುತ್ತಿತ್ತು. ಆಮ್ಲಜನಕ ಇಲ್ಲದ್ದರಿಂದ ಸಿಗುವ ಲಾಭ ಬೇರೆ. ಎಣ್ಣೆ ಬೇಗ ಹಳಸುವುದಿಲ್ಲ, ಲೋಹದ ಭಾಗಗಳು ಮಂಕಾಗುವುದಿಲ್ಲ. ಅದು ವರ್ಷಗಳ ಲೆಕ್ಕದ ಲಾಭ, ಶಿಖರದ ದಿನದ್ದಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಈ ಎರಡನ್ನೂ ಕಲಸಬೇಡಿ.

ಚಳಿ

ಬ್ಯಾಲೆನ್ಸ್ ವೀಲನ್ನು ಓಲಾಡಿಸುವ ಕೂದಲೆಳೆಯಂಥ ಸ್ಪ್ರಿಂಗಿಗೆ ಹೇರ್‌ಸ್ಪ್ರಿಂಗ್ ಅನ್ನುತ್ತಾರೆ. ಅದು ಮಾಮೂಲಿ ಉಕ್ಕಿನದಾಗಿದ್ದರೆ ಪ್ರತಿ ಡಿಗ್ರಿ ಬದಲಾವಣೆಗೆ ದಿನಕ್ಕೆ ಸುಮಾರು 11 ಸೆಕೆಂಡ್ ತಪ್ಪುತ್ತದೆ. ತಣ್ಣಗಾದಷ್ಟೂ ಸ್ಪ್ರಿಂಗ್ ಬಿಗಿಯಾಗಿ ವಾಚು ಮುಂದೆ ಓಡುತ್ತದೆ. 30 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದರೆ 550 ಸೆಕೆಂಡ್, ಒಂಬತ್ತು ನಿಮಿಷದ ಮೇಲೆ! ಇದಕ್ಕೆ ಮದ್ದು ಕೊಟ್ಟವರು ಶಾರ್ಲ್ ಎದುವಾರ್ ಗಿಯೋಮ್. ಉಷ್ಣತೆಗೆ ಅಷ್ಟಾಗಿ ಹಿಗ್ಗದ, ಬಿಗಿತ ಬದಲಿಸದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದರು. ಆ ಕೆಲಸಕ್ಕೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಇಂಥ ಮಿಶ್ರಲೋಹಗಳ ಮುಂದಿನ ರೂಪವೇ ಹೇರ್‌ಸ್ಪ್ರಿಂಗಿಗೆ ಬಳಸುವ, 1930ರ ದಶಕದ ನಿವಾರಾಕ್ಸ್ ಎಂಬ ಲೋಹ.

ಎಣ್ಣೆಯ ವಿಷಯ ಸುಲಭ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಹಾಗೆ ಹಳೆಯ ಪ್ರಾಣಿಜನ್ಯ ವಾಚಿನೆಣ್ಣೆಗಳೂ ಚಳಿಗೆ ಗಟ್ಟಿಯಾಗುತ್ತಿದ್ದವು. ಈಗಿನ ಕೃತಕ ಎಣ್ಣೆಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಇನ್ನು ಕೇಸು ಟೈಟಾನಿಯಂ. ಸಾಂದ್ರತೆ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಕೈಗೆ ಹಗುರ.

ಸರ್ವೀಸ್

ಗ್ಯಾಸ್ಕೆಟ್ ರಬ್ಬರಿನದು, ಕಾಲ ಕಳೆದಂತೆ ಒಣಗುತ್ತದೆ, ಅನಿಲಗಳು ನಿಧಾನವಾಗಿ ದಾಟುತ್ತವೆ. ಹಾಗಾಗಿ ಒಳಗಿನ ನೈಟ್ರೋಜನ್ ಶಾಶ್ವತ ಅಲ್ಲ. ಹಿಂಬದಿಯ ಮುಚ್ಚಳ ಒಮ್ಮೆ ಮಾಮೂಲಿ ಕೋಣೆಯಲ್ಲಿ ತೆಗೆದರೆ ಅಷ್ಟೇ, ಕೋಣೆಯ ತೇವ ಒಳಗೆ ಹೋಯಿತು. ಆಮೇಲೆ ಅದು ಬೇರೆಲ್ಲಾ ವಾಚುಗಳ ಹಾಗೆಯೇ ಹಬೆ ಹಿಡಿಯುವ ವಾಚು. ಇಂಥದ್ದನ್ನು ರಿಪೇರಿಗೆ ಕೊಡುವ ಮೊದಲು ನೈಟ್ರೋಜನ್ ಮತ್ತೆ ತುಂಬುವ ಅನುಕೂಲ ಇದೆಯಾ, ಗ್ಯಾಸ್ಕೆಟ್ ಬದಲಿಸಿ ಒತ್ತಡದ ಪರೀಕ್ಷೆ ಮಾಡುತ್ತಾರಾ ಅಂತ ಕೇಳಿಯೇ ಮುಚ್ಚಳ ತೆಗೆಸಬೇಕು.