ಘಟ್ಟ ಹತ್ತುವ ಗಾಡಿಗೆ ಯಾವ ರೇಡಿಯೊ?

ಮೃಗಶಿರಾ ಮಳೆ ಹತ್ತಿರವಾಗುತ್ತಿದ್ದಂತೆ ನನ್ನ ದುರಸ್ತಿ ಮೇಜಿನ ಮುಂದೆ ನಿಂತು ಜನ ಕೇಳುವ ಪ್ರಶ್ನೆ ಒಂದೇ: ‘ಗಾಡಿಗೆ ಒಂದು ವೈರ್‌ಲೆಸ್ ಸೆಟ್ ಹಾಕಿಸಬೇಕು, ಯಾವುದು ಬಾಳಿಕೆ ಬರುತ್ತದೆ?’ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿದ ಮೇಲೆ ಹಾಗೆ ಕೇಳುವವರು ಹೆಚ್ಚಾಗಿದ್ದಾರೆ. ದೇವಿಮನೆ ಘಟ್ಟದಲ್ಲಿ, ಅಣಶಿಯ ಕಾಡಿನಲ್ಲಿ ಮೊಬೈಲ್ ಸುಮ್ಮನಾಗುವ ತಿರುವುಗಳು ಇಲ್ಲಿ ಓಡಾಡುವವರಿಗೆಲ್ಲ ಗೊತ್ತು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಸೆಟ್ಟಿನ ಹೆಸರು ಹೇಳುವ ಮೊದಲು ನಾನು ಅವರನ್ನು ಕೂರಿಸಿ ಬೇರೆ ಎರಡು ಮಾತು ಹೇಳುತ್ತೇನೆ.

ಒಂದು, ಕಾನೂನು. ಸಿಟಿಜನ್ ಬ್ಯಾಂಡ್ ಎನ್ನುವ 26.957ರಿಂದ 27.283 ಮೆಗಾಹರ್ಟ್ಸ್ ತರಂಗಪಟ್ಟಿಗೆ 2005ರ ನಿಯಮದಂತೆ ಪರವಾನಗಿ ಬೇಡ. ಆದರೆ ಹೊರಸೂಸುವ ಶಕ್ತಿ 5 ವ್ಯಾಟ್ ದಾಟಬಾರದು, ಆಂಟೆನಾ ಸೆಟ್ಟಿನ ಅಂಗವೇ ಆಗಿರಬೇಕು. ಚಾವಣಿಯ ಮೇಲೆ ಉದ್ದನೆಯ ಕಡ್ಡಿ ನೆಟ್ಟ ಗಾಡಿಗೆ ಈ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ 40 ಚಾನೆಲ್‌ಗಳ ಸೆಟ್ 27.405ರ ತನಕ ಹೋಗುತ್ತದೆ. ಅದರ 28ನೇ ಚಾನೆಲ್‌ನಿಂದ ಮುಂದಿನದೆಲ್ಲ ನಮ್ಮ ಮಿತಿಯ ಆಚೆಗಿನದು. ಹತ್ತು ಮೀಟರ್, ಅಂದರೆ 28ರಿಂದ 29.7 ಮೆಗಾಹರ್ಟ್ಸ್, ಹ್ಯಾಮ್‌ಗಳ, ಎಂದರೆ ಹವ್ಯಾಸಿ ರೇಡಿಯೊದವರ, ಪಟ್ಟಿ. ಅದಕ್ಕೆ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ಗಾಡಿಗೆ ರೇಡಿಯೊ ನಿಜವಾಗಿಯೂ ಬೇಕು ಅನ್ನಿಸಿದವರು ಈ ದಾರಿಯನ್ನೇ ಹಿಡಿಯಿರಿ. ನೌಕಾನೆಲೆ ಇರುವ ಕಾರವಾರದಲ್ಲಿ ಪರವಾನಗಿ ಇಲ್ಲದೆ ಗುಂಡಿ ಒತ್ತುವುದು ಹುಡುಗಾಟವಲ್ಲ.

ಎರಡನೆಯದು, ಈ ಹತ್ತು ಮೀಟರ್ ಸೆಟ್ಟಿನಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದು. ಸೂರ್ಯನಲ್ಲಿ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಹತ್ತು ಮೀಟರ್ ಅಲೆ ಆಕಾಶದ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ದೂರಕ್ಕೆ ಇಳಿಯುತ್ತದೆ. ಕಾರವಾರದಲ್ಲಿ ಕುಳಿತವನಿಗೆ ಯುರೋಪಿನ ಮಾತು ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ಅದೇ ಹೊತ್ತಿಗೆ ಶಿರಸಿಯವನ ಮಾತು ಕೇಳಿಸುವುದಿಲ್ಲ. ನಡುವೆ ಗುಡ್ಡ ಬಂದರೆ ನೆಲದ ಮೇಲಿನ ಅಲೆ ಸೋಲುತ್ತದೆ. ಒಂದರ ಹಿಂದೆ ಒಂದು ಘಟ್ಟ ಇಳಿಯುವ ಎರಡು ಗಾಡಿಗಳಿಗೆ ಇದು ಬಹಳ ಒಳ್ಳೆಯ ಸಾಧನ. ಊರಿಗೂ ಊರಿಗೂ ಸಂಪರ್ಕ ಬೇಕೆಂದರೆ ಇದನ್ನು ನಂಬಿ ಕೂರಬೇಡಿ. ಸಮುದ್ರಕ್ಕೆ ಇಳಿಯುವ ದೋಣಿಗೂ ಇದಲ್ಲ, ಅಲ್ಲಿ 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್ ಇರುವ ಮರೈನ್ ಸೆಟ್ಟೇ ಬೇಕು.

ಇನ್ನು ಸೆಟ್ಟಿನ ವಿಷಯ. ವ್ಯಾಟ್ ಎಷ್ಟು ಎಂದು ಕೇಳುವುದನ್ನು ದಯವಿಟ್ಟು ಬಿಡಿ. ನೂರು ವ್ಯಾಟ್ ಎಂದು ಮಾರಿದ್ದ ಹಳೆಯ ಸೆಟ್ಟೊಂದನ್ನು ಘಟ್ಟದ ಮೇಲಿನ ಲಾರಿ ಮಾಲೀಕರೊಬ್ಬರು ತಂದಿದ್ದರು. ಮುಚ್ಚಳ ಬಿಚ್ಚುವ ಮೊದಲೇ ಅದರ ಚರಿತ್ರೆ ಕಂಡಿತು: ತಿರುಪುಗಳ ತಲೆಯೆಲ್ಲ ಕಿತ್ತುಹೋಗಿತ್ತು. ಒಳಗೆ 27 ಮೆಗಾಹರ್ಟ್ಸ್‌ಗೂ ಹೋಗಲೆಂದು ಒಂದು ತಂತಿ ಕತ್ತರಿಸಿದ್ದರು, ಧ್ವನಿಯ ಮಿತಿ ಕಾಯುವ ಭಾಗವನ್ನೇ ಕಿತ್ತಿದ್ದರು. ಅಂಥ ಸೆಟ್ಟಿನ ಮಾತು ಒಡೆದು ಅಕ್ಕಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ, ಕೊನೆಯ ಹಂತದ ಟ್ರಾನ್ಸಿಸ್ಟರ್ ಕಾದು ಕಾದು ಸಾಯುತ್ತದೆ. ‘ಓಪನ್ ಮಾಡಿದ್ದು’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಾನು ಮೊದಲು ನೋಡುವುದು ಗ್ರಾಹಕ ಭಾಗವನ್ನು, ಎಂದರೆ ಬರುವ ಅಲೆಯನ್ನು ಹಿಡಿದು ಕೇಳಿಸುವ ಭಾಗವನ್ನು. 28.200 ಮೆಗಾಹರ್ಟ್ಸ್‌ನಲ್ಲಿ ಜಗತ್ತಿನ 18 ಕಡೆಯ ಸಂಕೇತ ಕೇಂದ್ರಗಳಿಗೆ ತಲಾ ಹತ್ತು ಸೆಕೆಂಡಿನ ಸರದಿ ಇದೆ. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿ ಕೇಂದ್ರವೂ ತನ್ನ ಕರೆಗುರುತು ಹೇಳಿ ನಾಲ್ಕು ಉದ್ದ ಸ್ವರ ಕಳಿಸುತ್ತದೆ, 100, 10, 1, 0.1 ವ್ಯಾಟ್‌ನಲ್ಲಿ. ಪಟ್ಟಿ ತೆರೆದಿರುವ, ಎಂದರೆ ದೂರದ ಅಲೆ ಬಂದು ತಲುಪುತ್ತಿರುವ, ಹಗಲಿನಲ್ಲಿ ಎರಡು ಸೆಟ್‌ಗಳನ್ನು ಒಂದೇ ಆಂಟೆನಾಕ್ಕೆ ಬದಲಿಸಿ ಬದಲಿಸಿ ಕೇಳಿ. ಒಂದರಲ್ಲಿ ಎರಡನೆಯ ಸ್ವರಕ್ಕೇ ಗೊರಗೊರ ಮುಚ್ಚಿಕೊಂಡು, ಇನ್ನೊಂದರಲ್ಲಿ ಮೂರನೆಯದೂ ಕೇಳಿಸಿದರೆ, ಬೆಲೆ ಏನೇ ಇರಲಿ, ಆ ಇನ್ನೊಂದನ್ನು ಕೊಳ್ಳಿ. ಆಮೇಲೆ ಅದನ್ನು ಅರ್ಧ ಗಂಟೆ ಬಿಸಿಲಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು ಸೈಡ್‌ಬ್ಯಾಂಡ್‌ನಲ್ಲಿ (ಹ್ಯಾಮ್‌ಗಳು ಮಾತು ಕಳಿಸುವ ಒಂದು ವಿಧಾನ) ಮಾತು ಕೇಳಿ. ಧ್ವನಿ ಸಣ್ಣಗಾಗುತ್ತಲೋ ದಪ್ಪವಾಗುತ್ತಲೋ ಜಾರಿದರೆ ಅದು ನಮ್ಮ ಬೇಸಿಗೆಗೆ ಆಗದು. ಮೈಕಿನ ಸುರುಳಿ ತಂತಿಯನ್ನು ಬುಡದಲ್ಲಿ ಅಲ್ಲಾಡಿಸಿ ನೋಡುವುದೂ ಇರಲಿ. ನನ್ನಲ್ಲಿಗೆ ಬರುವ ಅರ್ಧಕ್ಕರ್ಧ ದೂರು ಅಲ್ಲಿಯದೇ.

ಲಾರಿಯವರು 24 ವೋಲ್ಟಿಗೆ ಸೆಟ್ ನೇರ ಜೋಡಿಸಬೇಡಿ, ವೋಲ್ಟ್ ಇಳಿಸುವ ಪರಿವರ್ತಕ ಬೇಕು. ತಂತಿ ದಪ್ಪಗಿರಲಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ.

ಕರಾವಳಿಯಲ್ಲಿ ಸೆಟ್ಟಿಗಿಂತ ಮೊದಲು ಸಾಯುವುದು ಆಂಟೆನಾದ ಬುಡ. ಬೈತಖೋಲದ ಕಡೆಯ ಜೀಪೊಂದರ ಸೆಟ್ ಬೇರೆ ಎರಡು ಕಡೆ ದುರಸ್ತಿಯಾಗಿ ನನ್ನಲ್ಲಿಗೆ ಬಂದಿತ್ತು. ಮೀಟರ್ ಇಟ್ಟರೆ ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎನ್ನುವ ಅಳತೆ, 1 ಇದ್ದರೆ ಪೂರ್ತಿ ಹೊಂದಿದಂತೆ) 3 ತೋರಿಸುತ್ತಿತ್ತು; ಕಳಿಸಿದ ಶಕ್ತಿಯ ಕಾಲುಭಾಗ ತಿರುಗಿ ಬರುತ್ತಿದೆ ಎಂದರ್ಥ. ಸೆಟ್ಟನ್ನು ಮುಟ್ಟಲೇ ಇಲ್ಲ. ಆಂಟೆನಾದ ಬೋಲ್ಟ್ ಬಿಚ್ಚಿದೆ. ಕೇಬಲ್ಲಿನ ಹೊರಜಾಲರಿ ಗಾಡಿಯ ಮೈಗೆ ಕೂಡುವ ಜಾಗದಲ್ಲಿ ತಾಮ್ರವೆಲ್ಲ ಹಸಿರು ಕಿಲುಬಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಬಣ್ಣ ಕೆರೆದು ಬರಿಯ ಲೋಹ ಕಾಣಿಸಿ, ಹೊಸ ಕೇಬಲ್ ಬೆಸೆದು, ಮೇಲೆ ಗ್ರೀಸ್ ಸವರಿ, ನೀರು ನುಗ್ಗದ ರಬ್ಬರ್ ಟೇಪ್ ಎಳೆದು ಸುತ್ತಿದೆ. ಮುಳ್ಳು 1.4ಕ್ಕೆ ಇಳಿಯಿತು.

28.5 ಮೆಗಾಹರ್ಟ್ಸ್‌ಗೆ ಕಾಲು ಅಲೆಯ, ಎಂದರೆ ಅಲೆಯುದ್ದದ ಕಾಲುಭಾಗದ, ಕಡ್ಡಿ ಸುಮಾರು ಎರಡೂವರೆ ಮೀಟರ್. ಅಷ್ಟುದ್ದದ್ದು ಮರದ ಕೊಂಬೆಗೆ ಬಡಿಯುತ್ತದೆ ಎಂದು ಗೇಣುದ್ದದ ಆಂಟೆನಾ ಕೇಳುವವರಿದ್ದಾರೆ. ಮೀಟರಿಗಿಂತ ಕಡಿಮೆಯದನ್ನು ನಾನು ಹಾಕಿಕೊಡುವುದಿಲ್ಲ. ಕೈಯಲ್ಲಿರುವ ಹಣದಲ್ಲಿ ಮೊದಲು ಆಂಟೆನಾ, ಕೇಬಲ್, ಅದರ ಬುಡದ ಹಿಡಿಕೆಗೆ ತೆಗೆದಿಡಿ. ಉಳಿದದ್ದರಲ್ಲಿ ಯಾರೂ ಒಳಗೆ ಕೈ ಹಾಕದ ಸಾದಾ ಸೆಟ್ ಕೊಳ್ಳಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಆ ಬೋಲ್ಟನ್ನೊಮ್ಮೆ ಬಿಚ್ಚಿ ನೋಡಿ.